ಸೊಂಟದಿಂದ ಕೆಳಗೆ ಬರೀ ಕಪ್ಪು

ಫೋನ್ ಮೂರನೇ ಸಲ ಹೊಡೆದುಕೊಳ್ಳುವಷ್ಟರಲ್ಲಿ ವನಮಾಲಾ ಎದ್ದು, ಚಾಪೆಯ ಮೇಲೆ ಕೂತಿದ್ದವರ ಕಾಲುಗಳನ್ನು ದಾಟಿಕೊಂಡು ಹೋಗಿ ರಿಸೀವರ್ ಎತ್ತಿದರು.

"ಕೌಸೀ?"

ಆ ಕಡೆ ಗಂಡಸಿನ ದನಿ. ಗದಗಿನಿಂದ. ಮೂರನೇ ಮಹಡಿಯ ಮಲ್ಲಕ್ಕನನ್ನು ಕರೆಯಿರಿ, ಹೊಲದ ವಿಷಯ ಮಾತಾಡೋದಿದೆ ಎಂದಿತು.

"ಮಲ್ಲಕ್ಕ, ನಿಮಗೆ," ಎಂದು ವನಮಾಲಾ ಅಭ್ಯಾಸದಂತೆ ರಿಸೀವರ್ ಚಾಚಿದರು.

ಮಲ್ಲಕ್ಕ ಕಣ್ಣೊರೆಸಿಕೊಂಡು ಬಂದು ಕಿವಿಗಿಟ್ಟುಕೊಂಡಳು. "ಏ, ಇಡೋ ಫೋನ! ಇಲ್ಲಿ ಸಾಹೇಬ್ರು ತೀರ್ಕೊಂಡಾರ, ನಿಂದೇನು ಹೊಲದ ರಗಳಿ ಹಚ್ಚಿ?" ಎಂದು ಬೈದು ಇಟ್ಟುಬಿಟ್ಟಳು.

ಜೋಗೇಶ್ವರಿಯ ಆ ಬಿಲ್ಡಿಂಗಿಗೆಲ್ಲ ಇದ್ದದ್ದು ಅದೊಂದೇ ಫೋನು. ಅದರ ಯಜಮಾನ, ವನಮಾಲಾ ಅವರ ಗಂಡ ಸತ್ಯಮೂರ್ತಿ, ಫೋರ್ಟಿನ ಇನ್ಶೂರೆನ್ಸ್ ಆಫೀಸಿನ ಹೆಡ್‌ಕ್ಲಾರ್ಕು, ಶನಿವಾರ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಹೃದಯ. ದೇಹ ಇನ್ನೂ ಅಲ್ಲೇ ಇತ್ತು. ಕಾಗದಪತ್ರ ಮುಗಿಸಿ ತರಲು ಅವರ ತಮ್ಮ ನಂಜುಂಡನೂ, ಕೆಳಗಿನ ಮನೆಯ ಅಣ್ಣುವೂ ಬೆಳಿಗ್ಗೆಯೇ ಹೋಗಿದ್ದರು. ಮನೆಯಲ್ಲಿ ಅಳುವವರು ಇದ್ದರು, ಯಾರಿಗಾಗಿ ಅಳುತ್ತಿದ್ದರೋ ಅವರು ಇನ್ನೂ ಬಂದಿರಲಿಲ್ಲ.

ಪುಣೆಯಲ್ಲಿರುವ ಮಗಳು ಕೌಸಲ್ಯಾಗೆ ರಾತ್ರಿ ಹೇಳಿದ್ದು ಇಷ್ಟೇ: ಅಪ್ಪನಿಗೆ ಸ್ವಲ್ಪ ಸೀರಿಯಸ್ಸು, ಬೆಳಿಗ್ಗೆ ಮೊದಲ ಗಾಡಿಗೆ ಬಾ. "ದಾದರಲ್ಲಿ ಇಳಿದು ಫೋನ್ ಮಾಡ್ತೀನಿ. ಆಸ್ಪತ್ರೆಗೆ ಬರ್ಲಾ, ಮನೆಗೆ ಬರ್ಲಾ, ಆಗ ಹೇಳು," ಎಂದಿದ್ದಳು ಅವಳು.

"ಮನೆಗೆ ಬಾ ಅಂದ ತಕ್ಷಣ ಗೊತ್ತಾಗಿಬಿಡುತ್ತೆ ಶೀಲಾ," ಎಂದರು ವನಮಾಲಾ, ಅಣ್ಣುವಿನ ಹೆಂಡತಿ ಶೀಲಾವತಿ ತಂದ ಕಾಫಿಯನ್ನು ಮುಟ್ಟದೆ. "ಆಸ್ಪತ್ರೆಗೆ ಬಾ ಅಂತ ಸುಳ್ಳು ಹೇಳೋಕಾಗಲ್ಲ. ನಾನೇ ಹೇಳ್ಬೇಕು. ಹೇಗೆ ಹೇಳ್ಲಿ?"

"ನಾನು ಹೇಳುದಾ ವನಮಾಲಕ್ಕ?"

"ಬೇಡ. ನಾನೇ ಹೇಳ್ತೀನಿ. ಫೋನ್ ಯಾರೂ ಮುಟ್ಟಬೇಡಿ ಅಷ್ಟೆ."

ಇದನ್ನು ಕೇಳಿಸಿಕೊಂಡು ಮೂಲೆಯಲ್ಲಿದ್ದ ನಾಣಿ ಗಡಿಯಾರ ನೋಡಿದ. ಸತ್ಯಮೂರ್ತಿಯ ಅಕ್ಕನ ಮಗ. ಕಂಪ್ಯೂಟರ್ ರಿಪೇರಿ ಅವನ ಕೆಲಸ. ಉಸಿರಾಡಿದರೆ ಡೈಲಾಗು ಬರುವ ಜಾತಿ. ಮಲ್ಲಕ್ಕನ ಫೋನ್ ಬಂದರೆ "ಕೋರ್ಟಿಗೆ ಹಾಜರಾಗತಕ್ಕದ್ದು!" ಎಂದು ಮೆಟ್ಟಿಲಲ್ಲಿ ಕೂಗುತ್ತಿದ್ದವನು. ರಾತ್ರಿಯಿಂದ ಒಂದೂ ಡೈಲಾಗು ಹೊಡೆದಿರಲಿಲ್ಲ.

"ಅತ್ತೆ, ಒಂದು ಮಾತು," ಎಂದ. "ಇವತ್ತು ಭಾನುವಾರ."

"ಅದಕ್ಕೆ?"

"ಚಿತ್ರ ಬರುತ್ತೆ."

ವನಮಾಲಾ ಅವನ ಕಡೆ ತಿರುಗಿದರು. "ನಿನ್ನ ಮಾವನ್ನ ಇನ್ನೂ ಮನೆಗೆ ತಂದಿಲ್ಲ ಕಣೋ. ನಿಂಗೆ ಚಿತ್ರ?"

*

ಒಂದು ವರ್ಷದ ಹಿಂದೆ ನಾಣಿಯೇ ಹಳೇ ಕಂಪ್ಯೂಟರೊಂದನ್ನು ಹೊತ್ತು ತಂದು, ಅದಕ್ಕೂ ಫೋನಿಗೂ ಮಧ್ಯೆ ಮೋಡೆಮ್ ಎಂಬ ಡಬ್ಬಿ ಸಿಕ್ಕಿಸಿದ್ದ. ಫೋರ್ಟಿನಲ್ಲಿ ಟೈಪ್‌ರೈಟರ್ ಅಂಗಡಿ ಇಟ್ಟಿದ್ದ ಒಬ್ಬ ಪಾರ್ಸಿಗೆ ಕಾಮಿಕ್ಸ್ ಹುಚ್ಚು. ಅಂಗಡಿ ಮುಚ್ಚಿರುವ ಭಾನುವಾರ ಬೆಳಿಗ್ಗೆ ಅಲ್ಲಿನ ಫೋನಿಗೆ ತನ್ನ ಕಂಪ್ಯೂಟರ್ ಕಟ್ಟಿ ಇಡುತ್ತಿದ್ದ. ಮನೆಯ ಕಂಪ್ಯೂಟರಿನಿಂದ ಆ ನಂಬರು ತಿರುಗಿಸಿದರೆ ಒಂದು ಚಿತ್ರ ತಂತಿಯಲ್ಲಿ ಹರಿದು ಬರುತ್ತಿತ್ತು. ಅದು ಬರುವಷ್ಟು ಹೊತ್ತು ಮನೆಯ ಫೋನು ಎಂಗೇಜು. ವಾರಕ್ಕೊಂದೇ. ಮಧ್ಯಾಹ್ನಕ್ಕೆ ಬಂದ್. ಮುಂದಿನ ವಾರ ಬೇರೆ ಚಿತ್ರ.

ಅಂಥದೊಂದು ಭಾನುವಾರ ಡಬ್ಬಿ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಪರದೆಯ ಮೇಲೆ, ತಲೆಯ ಕಡೆಯಿಂದ, ಗೆರೆ ಗೆರೆಯಾಗಿ ಚಿತ್ರ ಇಳಿಯತೊಡಗಿತು. ಸತ್ಯಮೂರ್ತಿ ಕನ್ನಡಕ ಹಣೆಗೇರಿಸಿ ಮೂಗು ತಾಗುವಷ್ಟು ಹತ್ತಿರ ಕೂತರು. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಒಂದೇ ಒಂದು ಕಾಮಿಕ್ಸ್ ಓದಿದವರಲ್ಲ. ಈಗಲೂ ಚಿತ್ರದೊಳಗಿನ ಮಾತುಗಳನ್ನು ಓದುತ್ತಿರಲಿಲ್ಲ, ಗೆರೆ ಮಾತ್ರ ನೋಡುತ್ತಿದ್ದರು.

"ಮಳೆ ಬರ್ದಿದಾನೆ ನೋಡೇ," ಎಂದು ಮಗಳ ಕೈ ಹಿಡಿದೆಳೆದರು. ಕೌಸಲ್ಯಾಗೆ ಆಗ ಇನ್ನೂ ಮದುವೆಯಾಗಿರಲಿಲ್ಲ. "ಎಲ್ಲೂ ಒಂದು ಹನಿ ಹಾಕಿಲ್ಲ. ಇವನ ಕಾಲರ್ ಮಾತ್ರ ಕತ್ತಿಗೆ ಅಂಟಿಸಿದಾನೆ. ನಂಗೆ ಚಳಿ ಆಗ್ತಿದೆ!"

"ಕಾಲಿಗೇನು ಹಾಕ್ಕೊಂಡಿರ್ತಾನೆ ಅಪ್ಪ?"

"ಗಮ್‌ಬೂಟು."

"ಇಲ್ಲ, ಬರಿಗಾಲು. ಬೆಟ್ ಕಟ್ಟು."

ಚಿತ್ರ ಸೊಂಟಕ್ಕೆ ಬಂದಿತ್ತು. ಬಾಗಿಲಲ್ಲಿ ಶೀಲಾವತಿ. ಹತ್ತೂವರೆಗೆ ಮಸ್ಕತ್ತಿನಿಂದ ಅವಳ ತಮ್ಮ ಫೋನ್ ಮಾಡುತ್ತಾನೆ. ಭಾನುವಾರ ಬಿಟ್ಟರೆ ಅವನಿಗೆ ಫೋನ್ ಸಿಗುವುದಿಲ್ಲ.

"ಬನ್ನಿ ಬನ್ನಿ," ಎಂದರು ಸತ್ಯಮೂರ್ತಿ, ಮತ್ತು ತಂತಿ ಕಿತ್ತರು. ಬೆಟ್ಟಿನಲ್ಲಿ ಅಪ್ಪ ಮಗಳು ಇಬ್ಬರೂ ಗೆಲ್ಲಲಿಲ್ಲ.

"ಪಾಪ, ನಿಮ್ಮದು ಎಂತದೋ ನಡೀತಿತ್ತಲ್ಲ," ಎಂದಳು ಶೀಲಾವತಿ.

"ಅದಾ? ಅದನ್ನ ಆಮೇಲೆ ನೋಡ್ತೀನಿ."

ನಾಣಿ ಎದೆಯ ಮೇಲೆ ಕೈಯಿಟ್ಟು, "ಹೀರೋ ಕಾಲಿಲ್ಲದೇ ಎಂಟ್ರಿ ಕೊಟ್ಟ ಮಾವ! ಇಂಥ ಸಿನಿಮಾ ಎಲ್ಲೂ ಬಂದಿಲ್ಲ!" ಎಂದಿದ್ದ.

*

ನಾಣಿ ಫೋನ್ ಮುಟ್ಟಲಿಲ್ಲ, ಕಂಪ್ಯೂಟರ್ ಮಾತ್ರ ಹಚ್ಚಿದ. ಅದರಲ್ಲಿ ಉಳಿದಿದ್ದ ಹಳೇ ಚಿತ್ರಗಳನ್ನು ಒಂದೊಂದಾಗಿ ತೆಗೆದ. ಕೊಡೆ ಹಿಡಿದ ಮುದುಕ, ಸೊಂಟದವರೆಗೆ. ಕುದುರೆಯ ಮೇಲೆ ಹೆಂಗಸು, ಕುದುರೆಯ ಕಿವಿಯವರೆಗೆ. ಕೆಳಗೆ ಬರೀ ಕಪ್ಪು.

"ಇದಕ್ಕೆ ಮಾವ ಇಟ್ಟ ಹೆಸರು ಮಸ್ಕತ್," ಎಂದ. "ಇದು ಹೆರಿಗೆ. ಇದು ಹೊಲದ ತಂಟೆ."

"ನನ್ನ ಮಗಳ ಹೆರಿಗೀನ?" ಎಂದಳು ಮಲ್ಲಕ್ಕ. "ಅವತ್ತ ನಾನು ತಾಸಗಟ್ಲೆ ಮಾತಾಡೀನಲ್ಲೋ!"

"ಕುದುರೆಗೆ ಮೂತಿ ಬರದೇ ಇದ್ದದ್ದು ಅದಕ್ಕೇ."

ಯಾರೋ ನಗಲು ಹೋಗಿ ಕೆಮ್ಮಿದರು. ವನಮಾಲಾ ಎದ್ದು ಬಂದು ಅವನ ಬೆನ್ನ ಹಿಂದೆ ನಿಂತರು. ಇಡೀ ವರ್ಷ ಅವರು ಈ ಪರದೆಯನ್ನು ಸರಿಯಾಗಿ ನೋಡಿರಲೇ ಇಲ್ಲ. ಐವತ್ತು ದಾಟಿದ ಗಂಡ ಕಾಮಿಕ್ಸ್ ನೋಡುತ್ತಾರೆ ಎಂದು ನೆಂಟರ ಹತ್ತಿರ ಹೇಳಲು ನಾಚಿಕೆಯಾಗಿ, ಆಫೀಸಿನ ಕೆಲಸ ಎನ್ನುತ್ತಿದ್ದರು. "ಫೋನಿಗೆ ಬಂದಿದಾರೆ, ನಿಲ್ಲಿಸ್ರೀ," ಎಂದು ಒಳಗಿನಿಂದ ಕೂಗುತ್ತಿದ್ದವರೂ ಅವರೇ.

"ಪೂರ್ತಿ ಇರೋದು ತೋರ್ಸು."

"ಇಲ್ಲ ಅತ್ತೆ."

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಆಮೇಲೆ ನೋಡ್ತೀನಿ ಅಂತಿದ್ರಲ್ಲೋ ಅವರು."

"ಅದರಲ್ಲಿ ಆಮೇಲೆ ಅನ್ನೋದಿಲ್ಲ ಅತ್ತೆ. ಲೈನ್ ಕಟ್ಟಾದ್ರೆ ಮತ್ತೆ ಮೊದಲಿಂದ ಶುರು. ಎಲ್ಲರ ಫೋನು ಮುಗಿಯೋ ಅಷ್ಟರಲ್ಲಿ ಆ ಪಾರ್ಸಿ ಬಂದ್ ಮಾಡಿರ್ತಾನೆ."

ವನಮಾಲಾ ಫೋನಿನ ಕಡೆ ನೋಡಿದರು. ಅದು ಯಾವ ಗಳಿಗೆಯಲ್ಲಾದರೂ ಹೊಡೆದುಕೊಳ್ಳಬಹುದಿತ್ತು.

"ಎಷ್ಟು ಹೊತ್ತು ಬೇಕು?"

"ಮುಕ್ಕಾಲು ಗಂಟೆ."

"ಹಚ್ಚು."

ಶೀಲಾವತಿ ತೋಳು ಹಿಡಿದಳು. "ಎಂತ ವನಮಾಲಕ್ಕ, ಕೌಸಲ್ಯಾ ಈಗ ಫೋನ್ ಮಾಡಿದ್ರೆ?"

"ಎಂಗೇಜ್ ಬರುತ್ತೆ. ಬರ್ಲಿ," ಎಂದರು. ಕುರ್ಚಿಯ ಬೆನ್ನು ಹಿಡಿದು, "ಅಷ್ಟು ಹೊತ್ತು ನಾನು ಹೇಳ್ಬೇಕಾಗಿಲ್ಲ," ಎಂದರು.

ಡಬ್ಬಿ ಕಿರುಚಿತು. ಮೊದಲು ಆಕಾಶ ಬಂತು. ಎರಡೇ ಗೆರೆಯ ಆಕಾಶ. ಆಮೇಲೆ ಒಂದು ಟೋಪಿ. ಟೋಪಿಯ ಕೆಳಗೆ ನೆರಳು, ನೆರಳಿನಲ್ಲಿ ಎರಡು ಕಣ್ಣು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು. ಮೆಟ್ಟಿಲ ಮೇಲಿದ್ದ ಗಂಡಸರೂ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಕಣ್ಣು ನೋಡಿ ಮಾರಾಯ್ರೆ. ಕೊಲೆ ಮಾಡ್ಲಿಕ್ಕೇ ಬಂದವ," ಎಂದಳು ಶೀಲಾವತಿ.

"ಮೈಯಾಗ ಎಷ್ಟು ಕಪ್ಪು ಬಳದಾನ, ಗೆರಿನ ಇಲ್ಲ. ಆದ್ರ ಕೋಟು ಅಂತ ತಿಳೀತದ," ಎಂದಳು ಮಲ್ಲಕ್ಕ.

"ಕೈಯಲ್ಲಿ ಪಿಸ್ತೂಲಿದೆ."

"ಪಿಸ್ತೂಲಲ್ಲ, ಲಾಟೀನು."

ಸೊಂಟದ ಹತ್ತಿರ ಬಂದಾಗ ಎಲ್ಲರೂ ಒಮ್ಮೆ ಬಾಗಿಲ ಕಡೆ ನೋಡಿದರು. ಯಾರೂ ಬಾಗಿಲು ಬಡಿಯಲಿಲ್ಲ. ಬಡಿಯಬೇಕಾದವರೆಲ್ಲ ಒಳಗೇ ಇದ್ದರು. ಗೆರೆ ಸೊಂಟ ದಾಟಿ ಇಳಿಯಿತು. ಕೋಟಿನ ಅಂಚು, ಒಂದು ಮೊಣಕಾಲು. ಇನ್ನೊಂದು ಕಾಲು ಯಾಕೋ ಮೇಲೆದ್ದಿತ್ತು.

"ಒದೀತಾನೆ!"

"ಯಾರನ್ನ?"

ಗೆರೆ ಗೆರೆಯಾಗಿ ಉತ್ತರ ಬಂತು. ಆ ಭಯಂಕರ ಮನುಷ್ಯನ ಬೂಟಿನ ಲೇಸನ್ನು ಒಂದು ನಾಯಿಮರಿ ಬಾಯಲ್ಲಿ ಕಚ್ಚಿ, ಹಿಂಗಾಲು ಊರಿ ಜಗ್ಗುತ್ತಿತ್ತು. ಅವನು ಒಂಟಿಕಾಲಲ್ಲಿ ನಿಂತು, ಬೀಳದಿರಲು ಲಾಟೀನು ಎತ್ತಿ ಹಿಡಿದಿದ್ದ. ಕಣ್ಣಲ್ಲಿದ್ದದ್ದು ಕೊಲೆಯಲ್ಲ, ಪೇಚಾಟ.

ಮೊದಲು ನಕ್ಕವಳು ಮಲ್ಲಕ್ಕ. ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಶೀಲಾವತಿ ನಕ್ಕಳು, ಗಂಡಸರು ನಕ್ಕರು. "ಲಾಟೀನು ಹಿಡ್ದ ರಾಕ್ಷಸ, ನಾಯಿಮರಿ ಮುಂದೆ ಫಿನಿಶ್!" ಎಂಬ ಡೈಲಾಗು ನಾಣಿಯ ಬಾಯಿಂದ ಜಾರಿಯೇಬಿಟ್ಟಿತು. ಅಳುತ್ತಲೇ ಇದ್ದ ವನಮಾಲಾ ಕೂಡ ಅಳುವಿನ ನಡುವೆ ಒಂದು ಸಲ ನಕ್ಕರು.

ಆ ನಗು ಮೆಟ್ಟಿಲವರೆಗೆ ಕೇಳಿಸಿತು.

"ನಗ್ತಿದೀರಾ?" ಬಾಗಿಲ ಹೊರಗೆ ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನೂ ಒದ್ದು ಬಿಟ್ಟು ಕೌಸಲ್ಯಾ ಒಳಗೆ ಬಂದಳು. ಮುಖ ಬೆವರಿತ್ತು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಪೇಪರಿನಲ್ಲಿ ಕಟ್ಟಿದ ಬಿಸಿ ವಡಾ. "ಸೀರಿಯಸ್ಸು ಅಂತ ನನ್ನ ಜೀವ ತೆಗೆದು ಇಲ್ಲಿ ನಗ್ತಿದೀರಾ? ದಾದರಿಂದ ಎಷ್ಟು ಸಲ ಫೋನ್ ಮಾಡ್ದೆ! ಎಂಗೇಜು, ಎಂಗೇಜು. ಆಗ್ಲೇ ಗೊತ್ತಾಯ್ತು ನಂಗೆ. ಸೀರಿಯಸ್ಸೂ ಇಲ್ಲ ಮಣ್ಣೂ ಇಲ್ಲ, ಮನೆಗೆ ಬಂದು ಚಿತ್ರ ಹಚ್ಚಿಕೊಂಡು ಕೂತಿದಾರೆ ಅಂತ. ಅಪ್ಪಾ, ಆ ಫೋನ್ ಇಡಪ್ಪ ಸಾಕು!"

ಅವಳೇ ಬೆನ್ನುಗಳನ್ನು ಸರಿಸಿಕೊಂಡು ಮುಂದೆ ಬಂದಳು. ನಾಣಿ ಕುರ್ಚಿಯಿಂದ ಎದ್ದ. ವನಮಾಲಾ ಅವಳ ಕೈಯ ಬ್ಯಾಗು ತೆಗೆದುಕೊಂಡರು.

ಕೌಸಲ್ಯಾ ಖಾಲಿ ಕುರ್ಚಿ ನೋಡಿದಳು. ಆಮೇಲೆ ಪರದೆ ನೋಡಿದಳು. ಟೋಪಿ, ಕಣ್ಣು, ಲಾಟೀನು, ಸೊಂಟ. ಬೈಯುವಾಗಲೇ ಮೂಡಿದ್ದ ನಗು ಅವಳ ತುಟಿಯ ಮೇಲೆ ಇನ್ನೂ ಇತ್ತು. ಅಭ್ಯಾಸದಿಂದ ಅವಳ ಕಣ್ಣು ಅಲ್ಲಿ ನಿಂತಿತು. ನಿಲ್ಲಬೇಕಾಗಿರಲಿಲ್ಲ. ಮೊಣಕಾಲಿತ್ತು, ಬೂಟಿತ್ತು, ನಾಯಿಮರಿಯಿತ್ತು, ಅದರ ನೆರಳಿತ್ತು. ಬಿಲ್ಡಿಂಗಿಗೆ ಬಿಲ್ಡಿಂಗೇ ಮನೆಯೊಳಗಿದ್ದರೂ ಯಾರೂ ಫೋನು ಕೇಳಿರಲಿಲ್ಲ. ಅಪ್ಪ ಇದ್ದಿದ್ದರೆ ಸೊಂಟ ದಾಟುವ ಮೊದಲೇ ತಂತಿ ಕಿತ್ತಿರುತ್ತಿದ್ದರು ಎಂದು ಅವಳಿಗೆ ಹೊಳೆಯಿತು.

ವಡೆಯ ಎಣ್ಣೆ ಪೇಪರಿಗೆ ಇಳಿದು ಅವಳ ಬೆರಳಿಗೆ ಹತ್ತುತ್ತಿತ್ತು. ಪರದೆಯ ಕಟ್ಟಕಡೆಯ ಗೆರೆಗಳಲ್ಲಿ, ಮೂಲೆಗೆ ಒತ್ತಿ, ಸಣ್ಣ ಅಕ್ಷರಗಳಲ್ಲಿ, ಅಪ್ಪ ಯಾವತ್ತೂ ನೋಡಿರದ, ಆ ಚಿತ್ರ ಬರೆದವನ ಸಹಿ ಇತ್ತು.