ಗೆಣಸಿನೊಳಗಿನ ಅನಂತ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಹಳೆಯ ಜೈನ ಗಣಿತದಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಸಾವಿನಿಂದ ಶುರು ಮಾಡಿದರೆ ಮತ್ತೊಂದು ಗೋಳು ಬಂತೆನ್ನುತ್ತೀರಿ. ಮೊದಲ ಡ್ರಾಫ್ಟ್ ಹರಿದು ಹಾಕಿದ್ದಾಯಿತು, ಅದರಲ್ಲಿ ಸೂರ್ಯ ಒಂದೂವರೆ ಪುಟ ಮುಳುಗುತ್ತಿದ್ದ. ಸೀದಾ ಹೇಳಿಬಿಡುತ್ತೇನೆ. ಶಹಾಪುರದ ನಿವೃತ್ತ ಗಣಿತ ಮಾಸ್ತರ ಪಾರೀಸಪ್ಪನವರ ಹೆಂಡತಿ ರತ್ನವ್ವ ಸಾಯುತ್ತಿದ್ದಾಳೆ. ಬಾಯಿ ಬಯಸಿದ್ದು ಕೊಡಿ ಎಂದು ಯಾದಗಿರಿಯ ಡಾಕ್ಟರು ಮನೆಗೆ ಕಳಿಸಿದ್ದಾರೆ. ಅವಳಿಗೆ ಸುಟ್ಟ ಗೆಣಸು ಬೇಕಾಗಿದೆ.

೨
ಇಷ್ಟೇನಾ ಎನ್ನಬೇಡಿ. ನೇಮದ ಜೈನರು ನೆಲದೊಳಗಿನ ಗೆಡ್ಡೆ ತಿನ್ನುವುದಿಲ್ಲ. ಒಂದೇ ಗೆಡ್ಡೆಯಲ್ಲಿ ಅನಂತ ಜೀವಗಳಿವೆ ಎಂಬುದು ಅವರ ನಂಬಿಕೆ. ರತ್ನವ್ವನ ತವರು ಗೋಗಿ. ಅಲ್ಲಿಯವರು ಅಷ್ಟು ಕಟ್ಟುನಿಟ್ಟಿನವರಲ್ಲ, ಒಲೆಯ ಕೆಂಡದಲ್ಲಿ ಗೆಣಸು ಸುಟ್ಟು ತಿಂದವರು. ಮದುವೆಯಾದ ವರ್ಷ ಮಾಸ್ತರರು ಅವಳನ್ನು ಮುನಿಗಳ ಮುಂದೆ ಕೂಡಿಸಿ ಗೆಡ್ಡೆ ತಿನ್ನುವುದನ್ನು ಬಿಡಿಸಿದರು. ಅವಧಿ ಹಾಕಿಕೊಂಡೂ ನೇಮ ಹಿಡಿಯಬಹುದಿತ್ತು, ಒಂದು ಚಾತುರ್ಮಾಸಕ್ಕೋ ಒಂದು ವರ್ಷಕ್ಕೋ. ಮಾಸ್ತರರೇ ಮುಂದಾಗಿ "ಜೀವ ಇರೋತನಕಾ" ಅಂದುಬಿಟ್ಟರು. ಅವಳನ್ನು ಯಾರೂ ಕೇಳಲಿಲ್ಲ. (ನಾನಾದರೂ ಕೇಳಿದೆನೇ? ಸಾಯುವ ಪಾತ್ರ ಬೇಕಿತ್ತು, ಮಲಗಿಸಿಬಿಟ್ಟೆ.)

೩
ಮಾಸ್ತರರಿಗೆ ಆ ಹಳೆಯ ಜೈನ ಗಣಿತವೆಂದರೆ ಪ್ರಾಣ. ಸಿಲೆಬಸ್ ಪಕ್ಕಕ್ಕಿಟ್ಟು ಹೇಳುತ್ತಿದ್ದರು: ಎಣಿಸಲು ಬರುವುದು ಸಂಖ್ಯಾತ, ಎಣಿಕೆ ಮೀರಿದ್ದು ಅಸಂಖ್ಯಾತ, ಕೊನೆಯೇ ಇಲ್ಲದ್ದು ಅನಂತ; ಅನಂತಗಳಲ್ಲೂ ಸಣ್ಣದು ದೊಡ್ಡದು ಉಂಟು. ಹುಡುಗರು ಆಕಳಿಸುತ್ತಿದ್ದರು. ಮನೆಗೆ ಬಂದು ಮತ್ತೆ ಹೇಳಿದರೆ ಪೂರಾ ಕೇಳುತ್ತಿದ್ದವಳು ರೊಟ್ಟಿ ಬಡಿಯುತ್ತಿದ್ದ ರತ್ನವ್ವ ಒಬ್ಬಳೇ.

೪
ಈ ಮಾತುಕತೆ ನಾನು ಬರೆದದ್ದಲ್ಲ, ತಾನಾಗಿಯೇ ಬಂತು. (ಲೇಖಕರೆಲ್ಲ ಹೀಗೇ ಜಾರಿಕೊಳ್ಳುತ್ತಾರೆ.)

"ಒಂದ ಗೆಣಸಿನ್ಯಾಗ ಎಷ್ಟ ಜೀವ ಇರ್ತಾವ್ರಿ?" ರತ್ನವ್ವ ಕೇಳಿದಳು.

"ಅನಂತ."

"ನನ್ನೊಳಗ?"

"ಒಂದ."

"ಅನಂತದ ಮುಂದ ಒಂದು ಅಂದ್ರ ಎಷ್ಟಾತ್ರಿ?"

ಬೋರ್ಡಿನ ಮುಂದೆ ಸವೆದ ನಾಲಿಗೆ. "ಏನೂ ಇಲ್ಲ," ಅಂದರು ಮಾಸ್ತರರು.

ಲೆಕ್ಕ ಸರಿಯಾಗಿತ್ತು. ರತ್ನವ್ವ ಗೋಡೆಯ ಕಡೆ ಹೊರಳಿದಳು. ಆಮೇಲೆ ಗೆಣಸು ಕೇಳಲಿಲ್ಲ, ಮಾತನ್ನೂ ಆಡಲಿಲ್ಲ.

೫
ಮುಕ್ತಾಯ ಒಂದು: ಪಕ್ಕದ ಮನೆಯ ಚಮನಬೀ ಗೆಣಸು ಸುಟ್ಟು ತಂದಳು, ಮಾಸ್ತರರು ಸುಲಿದು ತಿನ್ನಿಸಿದರು, ರತ್ನವ್ವ ಕಣ್ಣು ಮುಚ್ಚಿ ನಕ್ಕಳು.

ಡಿಲೀಟ್. ಚಮನಬೀ ತಂದದ್ದು ಖರೆ, ಮಾಸ್ತರರು ಸುಲಿದದ್ದೂ ಖರೆ. ರತ್ನವ್ವ ತುಟಿ ಬಿಚ್ಚಲಿಲ್ಲ.

"ಥೋಡಾ ತಿನ್ರಿ, ಅಕ್ಕಾ," ಎಂದು ಚಮನಬೀ ಅಂಗಲಾಚಿದಳು.

"ವ್ರತ ಮುರಿದ ಪಾಪ ನನಗಿರಲಿ. ಒಂದ ತುತ್ತು ತಿನ್ನ," ಎನ್ನುತ್ತ ಮಾಸ್ತರರು ಅತ್ತೇಬಿಟ್ಟರು.

ರತ್ನವ್ವ ಒಮ್ಮೆ ತಿರುಗಿ ನೋಡಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವರು ಹೇಗೋ ತಡೆದುಕೊಳ್ಳುತ್ತಿದ್ದರು. ಅವಳು ಮತ್ತೆ ಗೋಡೆಗೆ ಮುಖ ಮಾಡಿದಳು.

೬
ಮುಕ್ತಾಯ ಎರಡನ್ನು ಯೋಚಿಸುತ್ತಿದ್ದಾಗ ಮಾಸ್ತರರು ನನ್ನ ಮೇಲೇ ತಿರುಗಿಬಿದ್ದರು.

"ಆ ಒಂದ ಮಾತು ಅಳಸ್ರಿ."

"ಯಾವುದು ಸರ್?"

"ಏನೂ ಇಲ್ಲ ಅಂದದ್ದು. ಆಕಿನ್ನ ಉಳಸೂದು ನಿಮ್ಮ ಕೈಲೆ ಆಗಂಗಿಲ್ಲ, ಗೊತ್ತದ. ಆ ಮಾತು ಕೇಳಿ ಸಾಯೂದು ಬ್ಯಾಡ."

"ಅದನ್ನು ತೆಗೆದರೆ ಕಥೆಯೇ ನಿಲ್ಲುವುದಿಲ್ಲ ಸರ್."

"ಹಂಗಾರ ನಿಮ್ಮ ಕಥಿ ಮುಂದ ಆಕಿ ಎಷ್ಟಾದಳ್ರಿ?"

ನನ್ನ ಹತ್ತಿರ ಉತ್ತರವಿತ್ತು. ಹೇಳಲು ನಾಚಿಕೆಯಾಯಿತು.

೭
ಅಳಿಸಿ ನೋಡಿದೆ. ಮಾತು ಹೋಯಿತು, ರತ್ನವ್ವ ಮಾತ್ರ ಗೋಡೆಯ ಕಡೆಗೇ ಮಲಗಿದ್ದಳು. ಅವಳು ಯಾಕೆ ಹಾಗೆ ಮಲಗಿದ್ದಾಳೆಂದು ನಿಮಗೆ ತಿಳಿಯಬೇಕಲ್ಲ? ತಿರುಗಿ ಬರೆದೆ. ಮಾಸ್ತರರು ಇನ್ನೊಮ್ಮೆ ಅಂದರು, ಅವಳು ಇನ್ನೊಮ್ಮೆ ಕೇಳಿಸಿಕೊಂಡಳು.

ಮುಕ್ತಾಯ ಎರಡು ಇಲ್ಲ. ಅವಳು ಉಸಿರಾಡುತ್ತಿದ್ದಾಳೆ, ಮಾಸ್ತರರು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಾರೆ, ನೀವು ಕಾಯುತ್ತಿದ್ದೀರಿ. ಮುಂದಿನ ವಾಕ್ಯ ನನಗೆ ಗೊತ್ತಿದೆ. ನಾನು ಬರೆಯುವುದಿಲ್ಲ.