ಚಿಕ್ಕಮ್ಮನ ಬಿಸ್ಕತ್ತಲ್ಲಿ ಎಷ್ಟು ನಾರು

ಗಿರಗಿಟ್ಲೆಗೆ ಆ ಹೆಸರಿಟ್ಟಿದ್ದು ಅವಳ ಚಿಕ್ಕಮ್ಮ. ಹುಡುಗಿ ಒಂದು ಕಡೆ ತೆಪ್ಪಗೆ ಕೂತಿದ್ದನ್ನ ಯಾರೂ ನೋಡಿಲ್ಲ. ಬಾಯಿ ಅಂತೂ ಕಾಲಿಗಿಂತ ಜೋರು. ಅವಳ ಹೊಟ್ಟೇಲಿ ಒಂದು ಮಾತು ಅರ್ಧ ದಿನ ನಿಂತ್ರೆ, ಮನೇಲಿ ಹಣೆ ಮುಟ್ಟಿ ಜ್ವರ ಗಿರ ಇದೆಯಾ ಅಂತ ನೋಡ್ತಿದ್ರು.

ಚಿಕ್ಕಮ್ಮನ ಮನೇಲೇ ಬೆಳೆದವಳು. ಈಗ ಕಾಲೇಜಲ್ಲಿ ಆಹಾರ ವಿಜ್ಞಾನ ಓದ್ತಾ, ಟ್ರೈನಿಂಗ್ ಅಂತ ಬಂದು ಸೇರಿದ್ದು ಚಿಕ್ಕಮ್ಮ ಕೆಲಸ ಮಾಡೋ ಬಿಸ್ಕತ್ ಫ್ಯಾಕ್ಟರೀಗೇ. ಕೆಳಗಡೆ ಓವನ್ನುಗಳು, ಹಿಟ್ಟು ಕಲಸೋ ದೊಡ್ಡ ದೊಡ್ಡ ಮಷಿನ್ನು. ಅಲ್ಲಿ ಚಿಕ್ಕಮ್ಮನದೇ ರಾಜ್ಯಭಾರ. ಮೇಲ್ಗಡೆ ಒಂದೇ ಕಿಟಕಿ ಇರೋ ಟೆಸ್ಟಿಂಗ್ ರೂಮು. ಅಲ್ಲಿ ಮೇಡಂ ರಾಜ್ಯಭಾರ. ಗಿರಗಿಟ್ಲೆ ಎರಡೂ ರಾಜ್ಯಕ್ಕೆ ಓಡಾಡ್ಕೊಂಡಿರೋ ಪ್ರಜೆ.

ವಿಷಯ ಏನಪ್ಪಾ ಅಂದ್ರೆ, ಚಿಕ್ಕಮ್ಮ ಇಷ್ಟು ವರ್ಷ ಬೇರೆಯವರು ಹೇಳಿದ ಬಿಸ್ಕತ್ತನ್ನೇ ಮಾಡ್ಕೊಂಡು ಬಂದಿದ್ಲು. ಈಗ ಮೊದಲನೇ ಸಲ ತನ್ನದೇ ಅಂತ ಒಂದು ಓಟ್ಸ್ ಬಿಸ್ಕತ್ ಮಾಡಿದ್ಲು. ಅಂಚು ಗರಿಗರಿ, ನಡು ಮೆತ್ತಗೆ, ಬಾಯಿಗಿಟ್ರೆ ಬೆಣ್ಣೆ ಘಮ. ಫ್ಯಾಕ್ಟರಿ ಯಜಮಾನ್ರು ತಿಂದು ತಲೆ ಆಡಿಸಿದ್ರು.

"ರುಚಿಗೆ ಮಾತಾಡೋ ಹಾಗಿಲ್ಲ. ಆದ್ರೆ ನೋಡಮ್ಮ, ಓಟ್ಸ್ ಬಿಸ್ಕತ್ತನ್ನ ಈಗ ಎಲ್ಲರೂ ಮಾಡ್ತಾರೆ. ಪ್ಯಾಕೆಟ್ ಮೇಲೆ 'ನಾರು ಹೆಚ್ಚು' ಅಂತ ದೊಡ್ಡದಾಗಿ ಹಾಕೋಕೆ ಬಂದ್ರೆ ಸಣ್ಣ ಓವನ್ ನಿನಗೆ. ಬರಲಿಲ್ವಾ, ಆ ಓವನ್ನಲ್ಲಿ ಕ್ರೀಮ್ ಬಿಸ್ಕತ್ ಶುರು ಮಾಡ್ತೀನಿ. ಶುಕ್ರವಾರ ಹೇಳ್ತೀನಿ."

ಹಾಗೆ ಹಾಕೋಕೆ ನೂರು ಗ್ರಾಮ್ ಬಿಸ್ಕತ್ತಲ್ಲಿ ಆರು ಗ್ರಾಮ್ ನಾರು ಇರ್ಲೇಬೇಕು. ಇದೆಯೋ ಇಲ್ವೋ ನೋಡೋ ಕೆಲಸ ಬಂದಿದ್ದು ಯಾರ ತಲೆಗೆ? ಗಿರಗಿಟ್ಲೆ ತಲೆಗೆ.

"ನಿನ್ನ ಚಿಕ್ಕಮ್ಮ ಅಂತ ಕೈ ಆ ಕಡೆ ವಾಲಬಾರದು," ಅಂದ್ರು ಮೇಡಂ.

"ಅಯ್ಯೋ ಮೇಡಂ, ಮನೇಲಿ ನನಗೆ ಬೈಯೋದು ಅವಳೇ. ವಾಲಿದ್ರೆ ಈ ಕಡೆಗೇ ವಾಲತ್ತೆ."

ನಾರು ಟೆಸ್ಟ್ ಅಂದ್ರೆ ದೊಡ್ಡ ರಾಮಾಯಣ. ಬಿಸ್ಕತ್ ಪುಡಿ ಮಾಡಿ, ಜಿಡ್ಡು ತೆಗೆದು, ನಮ್ಮ ಹೊಟ್ಟೇಲಿ ಹೇಗೆ ಊಟ ಕರಗತ್ತೋ ಹಾಗೇ ಲೋಟದಲ್ಲಿ ಕರಗಿಸ್ಬೇಕು. ಕರಗದೇ ಹಟ ಹಿಡಿದು ಕೂತಿರೋದು ಏನಿರತ್ತೋ ಅದನ್ನ ಸೋಸಿ, ಒಣಗಿಸಿ, ತೂಗಬೇಕು. ಆಮೇಲೆ ಅದರೊಳಗೆ ಬಚ್ಚಿಟ್ಕೊಂಡಿರೋ ಪ್ರೋಟೀನ್ ಎಷ್ಟು, ಸುಟ್ರೆ ಉಳಿಯೋ ಬೂದಿ ಎಷ್ಟು ಅಂತ ನೋಡಿ ಕಳೀಬೇಕು. ಕೊನೇಗೆ ಉಳಿಯೋದೇ ನಾರು. ಮುಂಜಾನೆ ಶುರು ಮಾಡಿದ್ರೆ ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮುಗಿಯತ್ತೆ, ಅದೂ ಎಲ್ಲಾ ಸರಿ ಹೋದ್ರೆ.

ಗಿರಗಿಟ್ಲೆ ಖುಷಿ ಖುಷಿಯಾಗಿ ಬಿಸ್ಕತ್ ಪುಡಿ ಮಾಡಿದ್ಲು, ಸಣ್ಣ ಕಣ್ಣಿನ ಜರಡೀಲಿ ಜಾಲಿಸಿದ್ಲು, ಕೆಳಗೆ ಬಿದ್ದ ನುಣ್ಣನೆ ಪುಡಿ ತಗೊಂಡ್ಲು. ಮೇಲೆ ಉಳಿದ ಚೂರುಪಾರನ್ನ ಕಿಟಕಿ ಕಟ್ಟೆ ಮೇಲೆ ಸುರಿದ್ಲು. ಪಾರಿವಾಳಗಳು ಕ್ಯೂ ನಿಂತಿದ್ವು.

ರಿಸಲ್ಟ್ ಬಂತು. ನಾಲ್ಕು ಗ್ರಾಮ್, ಅದಕ್ಕೂ ಒಂದು ಚೂರು ಕಮ್ಮಿ.

ಅವಳ ಮುಖ ಸಪ್ಪಗಾಯ್ತು. ಮೇಡಂ ಅವತ್ತು ರಜೆ. ಬುದ್ಧಿ ಇರೋರು ಯಾರಾದ್ರೂ ಮೇಡಂ ಬಂದು ನೋಡ್ಲಿ ಅಂತ ಕಾಯ್ತಿದ್ರು. ಇವಳು ಊಟದ ಹೊತ್ತಿಗೇ ಕೆಳಗಿಳಿದು ಚಿಕ್ಕಮ್ಮನ ಡಬ್ಬಿ ಪಕ್ಕ ಕೂತು ಹೇಳೇ ಬಿಟ್ಲು.

ಚಿಕ್ಕಮ್ಮ ತುತ್ತು ಕೈಯಲ್ಲೇ ಹಿಡ್ಕೊಂಡು, "ನಾಲ್ಕಾ?" ಅಂದ್ಲು.

"ನಾಲ್ಕೂ ಇಲ್ಲ ಚಿಕ್ಕಮ್ಮ."

"ಅಷ್ಟೊಂದು ಓಟ್ಸ್ ಸುರಿದಿದೀನಲ್ಲೇ. ಎಲ್ಲಿಗೆ ಹೋಯ್ತು ಅದು?"

"ನನಗೇನು ಗೊತ್ತು. ಮಷಿನ್ ಹೇಳಿದ್ದು."

ಚಿಕ್ಕಮ್ಮ ಸುಮ್ನೆ ಕೂರೋಳಲ್ಲ. ಸಾಯಂಕಾಲವೇ ಹಿಟ್ಟಿಗೆ ಇನ್ನಷ್ಟು ಓಟ್ಸು, ಅದರ ಮೇಲೆ ಓಟ್ಸ್ ತೌಡು ಬೇರೆ ಸುರಿದು ಹೊಸದಾಗಿ ಬೇಯಿಸಿದ್ಲು. ಮನೆಗೆ ತಂದು ಚಿಕ್ಕಪ್ಪನ ಮುಂದೆ ಇಟ್ಲು. ಚಿಕ್ಕಪ್ಪ ಬಸ್ ಡ್ರೈವರು, ಏನು ಕೊಟ್ರೂ ಚೆನ್ನಾಗಿದೆ ಅನ್ನೋ ಸಂಭಾವಿತ. ಒಂದು ಕಚ್ಚಿದ. ಕಟ್ ಅಂತ ಸದ್ದು ಬಂತು.

"ಹೇಗಿದೆ?"

ಚಿಕ್ಕಪ್ಪ ದವಡೆ ಹಿಡ್ಕೊಂಡ. "ಗಟ್ಟಿಮುಟ್ಟಾಗಿದೆ," ಅಂದ.

"ರುಚಿ ಕೇಳಿದ್ದು."

"ನಮ್ಮ ಬಸ್ಸಿನ ಚಕ್ರಕ್ಕೆ ಅಡ್ಡ ಇಡೋಕೆ ಎರಡು ಕೊಡು. ಇಳಿಜಾರಲ್ಲಿ ಬೇಕಾಗತ್ತೆ."

ಗಿರಗಿಟ್ಲೆ ಕಿಸಕ್ ಅಂದ್ಲು. ಚಿಕ್ಕಮ್ಮ ನಗಲಿಲ್ಲ. ಬಿಸ್ಕತ್ತನ್ನ ಕೈಯಲ್ಲಿ ತಿರುಗಿಸಿ ನೋಡಿ, "ರುಚಿ ಇದ್ರೆ ನಾರಿಲ್ಲ, ನಾರಿದ್ರೆ ರುಚಿ ಇಲ್ಲ," ಅಂತ ಮೆಲ್ಲಗೆ ಅಂದು ಎದ್ದು ಹೋದ್ಲು. ಅವಳು ಹಾಗೆ ಮೆಲ್ಲಗೆ ಮಾತಾಡಿದ್ದು ಗಿರಗಿಟ್ಲೆಗೆ ಎಲ್ಲೋ ಚುಚ್ಚಿದ ಹಾಗಾಯ್ತು.

ಮಾರನೇ ದಿನ ಮೇಡಂ ಬಂದವರೇ ರಿಸಲ್ಟ್ ನೋಡಿ ಹುಬ್ಬು ಗಂಟು ಹಾಕಿದ್ರು.

"ತೇವಾಂಶ ಸರಿ, ಪ್ರೋಟೀನ್ ಸರಿ, ಕೊಬ್ಬು ಸರಿ, ಬೂದಿ ಸರಿ. ನಾರು ಯಾಕೆ ಇಷ್ಟು ಕಮ್ಮಿ?"

"ಎಲ್ಲಾ ಕೂಡಿದ್ರೆ ಸರಿಯಾಗಿ ನೂರು ಬಂದಿದೆ ಮೇಡಂ."

"ಬರದೇ ಏನು ಮಾಡತ್ತೆ? ಕಾರ್ಬೋಹೈಡ್ರೇಟನ್ನ ನೀನು ಅಳೆದ್ಯಾ?"

"ಇಲ್ಲ. ನೂರರಲ್ಲಿ ಉಳಿದಿದ್ದನ್ನೆಲ್ಲ ಕಳೆದು, ಮಿಕ್ಕಿದ್ದು ಅದು ಅಂತ ಬರೆದೆ. ಹಾಗೇ ಅಲ್ವಾ ಮಾಡೋದು?"

"ಹಾಗೇ ಮಾಡೋದು. ನಾರೂ ಅದರೊಳಗೇ ಬರತ್ತೆ. ಅದಕ್ಕೇ ನಾರು ತಪ್ಪಿದ್ರೂ ಮೊತ್ತ ನೂರೇ ಬರತ್ತೆ, ನೂರು ನೋಡಿ ಬೀಗಬೇಡ. ಹೋಗಿ ಬರೀ ಓಟ್ಸ್ ಟೆಸ್ಟ್ ಮಾಡು. ಅದರದ್ದು ನಮಗೆ ಗೊತ್ತಿರೋ ಲೆಕ್ಕ. ನೂರು ಗ್ರಾಮಲ್ಲಿ ಪ್ರೋಟೀನ್ ಹದಿಮೂರರ ಆಸುಪಾಸು, ಕೊಬ್ಬು ಆರೇಳು, ಅಕ್ಕಿ ಗೋಧಿಗಿಂತ ಜಾಸ್ತಿ. ನಾರು ಹತ್ತರ ಹತ್ರ. ಅಷ್ಟು ಬಂದ್ರೆ ನೀನು ಸರಿ, ಬಿಸ್ಕತ್ ತಪ್ಪು. ಬರಲಿಲ್ಲ ಅಂದ್ರೆ ಉಲ್ಟಾ."

ಗಿರಗಿಟ್ಲೆ ಓಟ್ಸ್ ತಂದ್ಲು, ಪುಡಿ ಮಾಡಿದ್ಲು, ಜರಡಿ ಹಿಡಿದ್ಲು. ಬಿಳೀ ಹಿಟ್ಟು ಕೆಳಗಿಳೀತು. ಮೇಲೆ ಕಂದು ಬಣ್ಣದ ಸಿಪ್ಪೆ ಸಿಪ್ಪೆ ಚೂರು ನಿಂತ್ಕೊಂತು. ಎಷ್ಟು ಅಲ್ಲಾಡಿಸಿದ್ರೂ ಜಪ್ಪಯ್ಯ ಅನ್ನಲಿಲ್ಲ. ಅವಳು ಎಂದಿನ ಹಾಗೆ ಜರಡಿ ಎತ್ಕೊಂಡು ಕಿಟಕಿ ಹತ್ರ ಹೋದ್ಲು. ಪಾರಿವಾಳಗಳು ಆಗಲೇ ಹಾಜರ್. ಜರಡಿ ಬಗ್ಗಿಸ್ಬೇಕು ಅನ್ನೋಷ್ಟರಲ್ಲಿ ಕೈ ಹಾಗೇ ನಿಂತುಬಿಡ್ತು.

ಓಟ್ಸಲ್ಲಿ ನಾರು ಎಲ್ಲಿರತ್ತೆ? ಸಿಪ್ಪೆ ಹತ್ರ. ಪರೀಕ್ಷೇಲಿ ಎರಡು ಪುಟ ಬರೆದು ಮಾರ್ಕ್ಸ್ ತಗೊಂಡಿದಾಳೆ ಇದಕ್ಕೆ. ಸಿಪ್ಪೆ ಎಲ್ಲಿದೆ? ಜರಡಿ ಮೇಲೆ. ಜರಡಿ ಮೇಲಿದ್ದಿದ್ದು ಎಲ್ಲಿ ಹೋಯ್ತು? ಅವಳು ಪಾರಿವಾಳಗಳ ಮುಖ ನೋಡಿದ್ಲು. ಅವು ಅವಳ ಮುಖ ನೋಡಿದ್ವು. ಒಂದೊಂದೂ ದುಂಡಗೆ ಮಿರಮಿರ ಮಿಂಚ್ತಿತ್ತು.

ತಪ್ಪು ಅವಳ ಕೈಯದ್ದೂ ಹೌದು, ಆ ಮನೆಯದ್ದೂ ಹೌದು. ಚಿಕ್ಕ ಮಗುವಾಗಿದ್ದಾಗಿಂದ ಬೆಳಿಗ್ಗೆ ಎದ್ದು ಚಿಕ್ಕಮ್ಮನಿಗೆ ಹಿಟ್ಟು ಜಾಲಿಸಿ ಕೊಡೋದು ಅವಳ ಕೆಲಸ. ಕೆಳಗೆ ಬಿದ್ದಿದ್ದು ಮನೆಗೆ, ಮೇಲೆ ಉಳಿದಿದ್ದು ಹಕ್ಕಿಗೆ. ಕೈಗೆ ಅದೇ ಅಭ್ಯಾಸ. ಟೆಸ್ಟಲ್ಲಿ ಹಾಗಲ್ಲ, ಉಳಿದ ಚೂರನ್ನ ವಾಪಸ್ ಹಾಕಿ ಹಾಕಿ ರುಬ್ಬಿ, ಪೂರ್ತಿ ಇಳಿಯೋವರೆಗೂ ಬಿಡಬಾರದು.

ಹೇಳದೇ ಇದ್ರೆ? ಸುಮ್ನೆ ಇನ್ನೊಂದು ಸಲ ಮಾಡಿ, ಹೊಸ ನಂಬರ್ ಬಂತು ಮೇಡಂ ಅಂದುಬಿಟ್ರೆ? ಆದ್ರೆ ಚಿಕ್ಕಮ್ಮ ಈಗ ಕೆಳಗಡೆ ಆ ಕಲ್ಲು ಬಿಸ್ಕತ್ತಿಗೇ ಮತ್ತೆ ಹಿಟ್ಟು ಕಲಸ್ತಿದಾಳೆ, ಶುಕ್ರವಾರ ಅದನ್ನೇ ಯಜಮಾನ್ರ ಮುಂದೆ ಇಡ್ತಾಳೆ. ಅವರು ಅದನ್ನ ಕಚ್ಚಿದ್ರೆ ಓವನ್ ಹೋದ ಹಾಗೇ. ಗಿರಗಿಟ್ಲೆ ಜರಡೀನ ಹಾಗೇ ಹಿಡ್ಕೊಂಡು ಮೇಡಂ ಟೇಬಲ್ ಮುಂದೆ ನಿಂತ್ಲು.

"ಮೇಡಂ, ನಾರನ್ನ ಪಾರಿವಾಳ ತಿಂದುಬಿಟ್ಟಿವೆ."

ಎಲ್ಲಾ ಕೇಳಿದ ಮೇಲೆ ಮೇಡಂ ಕನ್ನಡಕ ತೆಗೆದು ಒರೆಸಿದ್ರು. ಬೈಗುಳ ಬರತ್ತೆ ಅಂತ ಇವಳು ಭುಜ ಕುಗ್ಗಿಸಿದ್ಲು.

"ಪಾರಿವಾಳಗಳಿಗೆ ಹೊಟ್ಟೆ ಸರಿ ಇದೆಯಾ?"

"ತುಂಬಾ ಚೆನ್ನಾಗಿದೆ ಮೇಡಂ. ಕಿಟಕಿ ಕಟ್ಟೆ ನೋಡಿದ್ರೆ ಗೊತ್ತಾಗತ್ತೆ."

"ಮೊದಲು ಅದನ್ನ ತೊಳಿ. ಆಮೇಲೆ ಟೆಸ್ಟ್ ಮತ್ತೆ ಮಾಡು. ಅದಕ್ಕೂ ಮುಂಚೆ ಕೆಳಗೆ ಹೋಗಿ ನಿನ್ನ ಚಿಕ್ಕಮ್ಮನಿಗೆ ನೀನೇ ಹೇಳು. ನಾನು ಹೇಳಲ್ಲ."

ಚಿಕ್ಕಮ್ಮ ಮೊಣಕೈವರೆಗೂ ಹಿಟ್ಟು ಮೆತ್ತಿಸ್ಕೊಂಡು ನಿಂತು ಕೇಳಿಸ್ಕೊಂಡ್ಲು. ಕಲಸೋ ಮಷಿನ್ ಆಫ್ ಮಾಡಿದ್ಲು. ಸದ್ದು ನಿಂತಿದ್ದಕ್ಕೆ ಅಕ್ಕಪಕ್ಕದ ಕೆಲಸದವರೂ ತಿರುಗಿ ನೋಡಿದ್ರು.

"ಹಾಗಾದ್ರೆ ನಿನ್ನ ಚಿಕ್ಕಪ್ಪ ನಿನ್ನೆಯಿಂದ ಗಂಜಿ ಕುಡೀತಾ ಇರೋದು ನಿನ್ನ ದೆಸೆಯಿಂದ."

"ಹೂಂ."

"ನನ್ನ ಬಿಸ್ಕತ್ತಿಗೆ ಏನೂ ಆಗಿಲ್ಲ."

"ಇನ್ನೂ ಗೊತ್ತಿಲ್ಲ ಚಿಕ್ಕಮ್ಮ. ಮತ್ತೆ ಟೆಸ್ಟ್ ಆಗ್ಬೇಕು."

"ಈ ಮಾತನ್ನ ಅವತ್ತು ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?" ಅಂದವಳೇ ಹಿಟ್ಟಿನ ಕೈಯಲ್ಲಿ ಅವಳ ಕಿವಿ ಹಿಡಿದು ಒಂದು ಸುತ್ತು ತಿರುಗಿಸಿದ್ಲು. ಆ ಕಿವಿ ಸಾಯಂಕಾಲದವರೆಗೂ ಬೆಳ್ಳಗಿತ್ತು.

ಮೊದಲಿನ ಬಿಸ್ಕತ್ತು ಈ ಸಲ ಒಂದು ಕಣ ಬಿಡದೇ ರುಬ್ಬಿದ್ದಾಯ್ತು. ಬರೀ ಓಟ್ಸಲ್ಲಿ ನಾರು ಹತ್ತು ದಾಟ್ತು, ಮೇಡಂ ಮುಖ ಅರಳಿತು. ಬಿಸ್ಕತ್ತಿಂದು ಮಾತ್ರ ಐದೂ ಮುಕ್ಕಾಲು ಹತ್ರ ಬಂದು ನಿಂತ್ಕೊಂಡು ಬಿಡ್ತು.

"ಆರು ಅಂತ ಹಾಕೋಕಾಗಲ್ವಾ ಮೇಡಂ? ಹತ್ರಹತ್ರ ಇದೆಯಲ್ಲ."

"ಬಾಗಿಲ ಹತ್ರಹತ್ರ ಬಂದೋರು ಒಳಗೆ ಬಂದ ಹಾಗಾ?"

ಚಿಕ್ಕಮ್ಮನಿಗೆ ಹೇಳಿದಾಗ ಅವಳು ಬೇಜಾರೇ ಮಾಡ್ಕೊಳ್ಳಲಿಲ್ಲ. ಕಲ್ಲು ಬಿಸ್ಕತ್ತಿನ ಹಿಟ್ಟನ್ನ ಪಕ್ಕಕ್ಕೆ ತಳ್ಳಿ, "ಇಷ್ಟೇ ತಾನೆ?" ಅಂದ್ಲು. ಹಳೇ ಅಳತೇಗೇ ಹಿಂದೆ ಹೋಗಿ, ಮೈದಾ ಒಂದು ಹಿಡಿ ಕಮ್ಮಿ ಮಾಡಿ ಅಲ್ಲಿ ಓಟ್ಸ್ ಒಂದು ಹಿಡಿ ಏರಿಸಿದ್ಲು. ಬೆಣ್ಣೆ ಮುಟ್ಟಲಿಲ್ಲ. ಚಿಕ್ಕಪ್ಪನಿಗೆ ತೋರಿಸಿದ್ರು. ಅವನು ಮೊದಲು ಬೆರಳಿಂದ ಒತ್ತಿ ನೋಡಿ, ಆಮೇಲೆ ನೆಕ್ಕಿ ನೋಡಿ, ಧೈರ್ಯ ಬಂದ ಮೇಲೆ ಕಚ್ಚಿದ. ಆಮೇಲೆ ತಟ್ಟೆ ತನ್ನ ಕಡೆ ಎಳ್ಕೊಂಡ. ಬೇರೆ ಸರ್ಟಿಫಿಕೇಟ್ ಬೇಕಾಗಲಿಲ್ಲ.

ಗುರುವಾರ ಬೆಳಿಗ್ಗೆ ಆ ಬಿಸ್ಕತ್ತಿನ ಟೆಸ್ಟ್ ಶುರು ಆಯ್ತು. ಸೋಸೋ ಹೊತ್ತಿಗೆ ಓಟ್ಸ್ ತನ್ನ ಬುದ್ಧಿ ತೋರಿಸ್ತು. ಓಟ್ಸ್ ನೆನೆಸಿದ್ರೆ ಲೋಳೆ ಲೋಳೆ ಆಗತ್ತಲ್ಲ, ಬೀಟಾ ಗ್ಲುಕಾನ್ ಅಂತ ದೊಡ್ಡ ಹೆಸರು ಅದಕ್ಕೆ, ಅದೂ ನಾರೇ. ಅದು ಸೋಸೋ ಬಟ್ಟಲಿನ ತೂತೆಲ್ಲ ಕಟ್ಕೊಂಡು, ಒಂದು ಹನಿ ಬೀಳ್ಬೇಕಾದ್ರೆ ಇವಳಿಗೆ ಒಂದು ನಿದ್ದೆ ಆಗೋಷ್ಟು ಹೊತ್ತು. ಗಿರಗಿಟ್ಲೆ ಜನ್ಮದಲ್ಲಿ ಮೊದಲನೇ ಸಲ ಸ್ಟೂಲ್ ಮೇಲೆ ಕದಲದೇ ಕೂತಿದ್ಲು.

ಶುಕ್ರವಾರ ಬೆಳಿಗ್ಗೆ ಯಜಮಾನ್ರು ಬಿಸ್ಕತ್ ತಿಂದು, "ರುಚಿ ಅದೇ ಇದೆ. ನಂಬರ್ ಎಲ್ಲಿ?" ಅಂದ್ರು. ಮಧ್ಯಾಹ್ನ ಅಂದ್ರು ಮೇಡಂ. ಕ್ರೀಮ್ ತುಂಬೋ ಮಷಿನ್ನಿನವನು ಆಗಲೇ ಬಂದು ಸಣ್ಣ ಓವನ್ ಪಕ್ಕದ ಜಾಗಕ್ಕೆ ಟೇಪ್ ಹಿಡಿದು ಅಳೀತಿದ್ದ. ಚಿಕ್ಕಮ್ಮ ಬೇಕು ಬೇಕು ಅಂತ ಅವನ ಟೇಪ್ ತುಳಿದು ಮೆಟ್ಟಿಲು ಹತ್ತಿದ್ಲು.

ಟೆಸ್ಟಿಂಗ್ ರೂಮಿಗೆ ಅವಳನ್ನ ಬಿಡೋ ಹಾಗಿಲ್ಲ. ಗಾಜಿನ ಬಾಗಿಲ ಆಚೆ ಟೋಪಿ ಹಾಕ್ಕೊಂಡು ನಿಂತ್ಲು. ಒಣಗಿದ ಬಟ್ಟಲು ತಕ್ಕಡಿ ಮೇಲೆ ಕೂತಾಗ ಗಾಜಿಗೆ ಮೂಗು ಒತ್ತಿ, "ಎಷ್ಟು?" ಅಂದ್ಲು.

ಗಿರಗಿಟ್ಲೆ ಲೆಕ್ಕ ಹಾಕಿದ್ಲು. ಎಂಟರ ಮೇಲೆ ಬಂತು. ನಾಲಿಗೆ ತುದೀಗೆ ಬಂದಿದ್ದನ್ನ ನುಂಗಿ ತಲೆ ಅಡ್ಡಡ್ಡ ಆಡಿಸಿದ್ಲು.

"ಹೇಳೇ, ಇಲ್ಲಿಂದ ಕಾಣತ್ತೆ ನನಗೆ. ಎಂಟು ಅಂತಿದೆ."

"ಅದು ಇನ್ನೂ ಅಲ್ಲ ಚಿಕ್ಕಮ್ಮ. ಪ್ರೋಟೀನ್ ಕಳೀಬೇಕು."

"ಯಾಕೆ ಕಳೀಬೇಕು? ಇರ್ಲಿ ಬಿಡು, ಪಾಪ."

ಪ್ರೋಟೀನ್ ರೀಡಿಂಗ್ ಬಂತು. ಎಂಟು ಹೋಗಿ ಏಳರ ಹತ್ರ ಇಳೀತು. ಚಿಕ್ಕಮ್ಮ ಗಾಜಿನ ಮೇಲೆ ಬೆರಳಲ್ಲಿ ತಟ್ಟಿದ್ಲು.

"ನಿಲ್ಸು. ಅಲ್ಲೇ ನಿಲ್ಸು. ಏಳು ಸಾಕು ನನಗೆ."

"ಬೂದಿ ಇದೆ ಇನ್ನೂ."

"ಅಯ್ಯೋ ನಿನ್ನ ಬೂದಿಗೆ ಬೆಂಕಿ ಬೀಳ."

"ಬೆಂಕೀಲೇ ಇದೆ. ಅದಕ್ಕೇ ಕಾಯೋದು."

ಮೇಡಂ ನಗು ತಡೆಯೋಕೆ ಆ ಕಡೆ ತಿರುಗಿದ್ರು. ಬೂದಿ ತೂಗೋ ಹೊತ್ತಿಗೆ ಯಜಮಾನ್ರೂ ಮೇಲೆ ಬಂದು ಚಿಕ್ಕಮ್ಮನ ಪಕ್ಕ ನಿಂತಿದ್ರು. ಗಿರಗಿಟ್ಲೆ ಕ್ಯಾಲ್ಕುಲೇಟರ್ ಎತ್ಕೊಂಡ್ಲು. ಕಳೆದ್ಲು. ತಪ್ಪಾಗಬಾರದು ಅಂತ ಒಂದೇ ಟೆಸ್ಟನ್ನ ಎರಡು ಜೋಡಿ ಬಟ್ಟಲಲ್ಲಿ ಮಾಡಿದ್ರು, ಮೊದಲನೇ ಜೋಡೀಲಿ ಆರೂ ಕಾಲು. ಆಚೆ ಎರಡು ಮುಖ ಗಾಜಿಗೆ ಅಂಟ್ಕೊಂಡಿವೆ. ಅವಳು ಅವರಿಗೆ ಬೆನ್ನು ಹಾಕಿದ್ಲು. ಎರಡನೇ ಜೋಡಿ ಲೆಕ್ಕ ಹಾಕಿದ್ಲು. ಆರರ ಮೇಲೆ ಒಂದು ಕೂದಲೆಳೆ ಜಾಸ್ತಿ, ಆದ್ರೆ ಆರರ ಮೇಲೇ. ಇನ್ನೊಂದು ಸಲ ಮೊದಲಿಂದ ಕೂಡಿ ಕಳೆದು ನೋಡಿದ್ಲು. ಆಮೇಲೆ ಕ್ಯಾಲ್ಕುಲೇಟರನ್ನ ಮೇಡಂ ಕಡೆ ತಿರುಗಿಸಿದ್ಲು. ಮೇಡಂ ನೋಡಿ, "ಈಗ ಹೇಳು," ಅಂದ್ರು.

ಗಿರಗಿಟ್ಲೆ ಬಾಗಿಲು ತೆಗೆದ್ಲು. ಆರು ಬೆರಳು ಎತ್ತಿ ತೋರಿಸಿದ್ಲು, ಏಳನೇ ಬೆರಳನ್ನ ಮಡಚಿ ಸ್ವಲ್ಪವೇ ಸ್ವಲ್ಪ ಎತ್ತಿದ್ಲು.

"ಅಂದ್ರೆ ಹಾಕಬಹುದಾ?" ಅಂದ್ರು ಯಜಮಾನ್ರು.

"ಧಾರಾಳವಾಗಿ ಹಾಕಿ," ಅಂದ್ರು ಮೇಡಂ.

ಯಜಮಾನ್ರು ಮೆಟ್ಟಿಲಿಂದ ಕೆಳಗೆ ಬಗ್ಗಿ, ಟೇಪ್ ಹಿಡಿದವನಿಗೆ ಜಾಗ ಖಾಲಿ ಇಲ್ಲ ಅಂತ ಕೈಸನ್ನೆ ಮಾಡಿದ್ರು. ಚಿಕ್ಕಮ್ಮ ಇನ್ನೂ ಗಿರಗಿಟ್ಲೆಯ ಬೆರಳುಗಳನ್ನೇ ನೋಡ್ತಿದ್ಲು. ಕಣ್ಣು ತುಂಬಿಕೊಂಡಿತ್ತು, ಆದ್ರೆ ಅದನ್ನ ಒಪ್ಪೋ ಹೆಂಗಸಲ್ಲ. ಟೋಪಿ ಸರಿ ಮಾಡ್ಕೊಂಡು, "ಹಾಗೇ ಬೆರಳು ಎತ್ಕೊಂಡು ನಿಂತಿರ್ತೀಯೋ, ಬಂದು ಓವನ್ ಬಿಸಿ ಮಾಡ್ತೀಯೋ?" ಅಂದವಳೇ, ಎರಡೆರಡು ಮೆಟ್ಟಿಲು ಹಾರ್ಕೊಂಡು ಕೆಳಗಿಳಿದ್ಲು.