ಹನ್ನೆರಡು ಬಾಡಿಗೆ ರಸೀದಿ

"ಈ ಮನೆಯಿಂದ ಒಂದು ರೂಪಾಯಿ ಬಾಡಿಗೆ ಬಂದರೂ ಅದು ನಿಂದು, ಸುಂದರಿ. ನಾನು ಕೇಳುದಿಲ್ಲ, ನನ್ನ ಮಗನೂ ಕೇಳುದಿಲ್ಲ."

೧೯೮೫ರಲ್ಲಿ ಥಾಣೆ ಹತ್ತಿರದ ಕಲ್ಯಾಣದ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ನಿಂತು ಮುಂಡಪ್ಪ ಹೆಂಡತಿಗೆ ಕೊಟ್ಟ ಮಾತು ಇದು. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕಾಗದದಲ್ಲಿ ಸುಂದರಿಯ ಹೆಸರು. ಮುಂಡಪ್ಪ ಆಗ ಥಾಣೆ ಪೂರ್ವದ ಕೋಪರಿಯಲ್ಲಿ ಒಂದು ಉಡುಪಿ ಹೋಟೆಲಿನ ಒಲೆಯ ಮುಂದೆ ನಿಲ್ಲುವವನು. ಸುಂದರಿ ಅದೇ ಹೋಟೆಲಿಗೆ ಚಾಳಿನ ಕೋಣೆಯಲ್ಲಿ ಕೂತು ದೋಸೆ ಹಿಟ್ಟು ರುಬ್ಬಿ ಕೊಡುವವಳು. ಹನ್ನೊಂದು ವರ್ಷ ರುಬ್ಬುಗುಂಡು ತಿರುಗಿಸಿದ ಕೂಲಿಯೇ ಆ ಮನೆಯ ಅರ್ಧ ಬೆಲೆ. ಅದಕ್ಕೇ ಹೆಸರು ಅವಳದು. ಪಕ್ಕದಲ್ಲಿ ಪೆಪ್ಪರಮಿಂಟು ಚೀಪುತ್ತ ನಿಂತಿದ್ದ ಒಂಬತ್ತು ವರ್ಷದ ದಯಾನಂದನ ತಲೆಗೆ ಮೊಟಕಿ ಮುಂಡಪ್ಪ, "ಹೂಂ ಅನ್ನು ಮಾರಾಯ" ಎಂದ. ದಯಾನಂದ ಹೂಂ ಅಂದ.

ಖುಷಿಗೆ ಆಡಿದ ಮಾತು. ಇರುವವರಿಗೇ ಕಾಲು ಚಾಚಲು ಜಾಗವಿಲ್ಲದ ಮನೆಗೆ ಬಾಡಿಗೆಯವರು ಎಲ್ಲಿಂದ ಬರಬೇಕು? ೨೦೦೪ರಲ್ಲಿ ಮುಂಡಪ್ಪ ತೀರಿಕೊಂಡ. ಅಲ್ಲಿಯವರೆಗೆ ಒಂದು ಪೈಸೆ ಬಾಡಿಗೆ ಬಂದಿರಲಿಲ್ಲ.

ಬಾಡಿಗೆ ಶುರುವಾದದ್ದು ೨೦೦೭ರಲ್ಲಿ, ಅದೂ ಕಾಗದದ ಮೇಲೆ.

ದಯಾನಂದ ಥಾಣೆಯ ಒಂದು ಖಾಸಗಿ ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದ. ಸಂಬಳದಲ್ಲಿ ಮನೆಬಾಡಿಗೆ ಭತ್ಯೆ ಎಂದು ಒಂದು ಪಾಲು. ಬಾಡಿಗೆ ಕೊಡುತ್ತಿದ್ದೇನೆ ಎಂದು ರಸೀದಿ ತೋರಿಸಿದರೆ ಆ ಪಾಲಿಗೆ ತೆರಿಗೆ ಇಲ್ಲ. ಮನೆ ಅಮ್ಮನ ಹೆಸರಿನಲ್ಲಿದೆ, ಅಮ್ಮನಿಗೇ ಬಾಡಿಗೆ ಕೊಟ್ಟರೂ ಕಾನೂನಿನ ತಕರಾರಿಲ್ಲ. ಕೊಟ್ಟರೆ. ಆ ಕೊಡುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ದಯಾನಂದ ಬಹಳ ಕ್ರಮವಾಗಿ ಮಾಡಿದ.

ಪ್ರತಿ ಮಾರ್ಚಿನ ಒಂದು ಭಾನುವಾರ ಹನ್ನೆರಡು ರಸೀದಿಗಳನ್ನು ಒಟ್ಟಿಗೆ ಬರೆದು ಚಾಪೆಯ ಮೇಲೆ ಸಾಲಾಗಿ ಇಡುತ್ತಿದ್ದ. ಸುಂದರಿ ಒಂದೊಂದು ಅನ್ನದ ಅಗುಳು ಒತ್ತಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ, ಅದರ ಮೇಲೆ 'ಸುಂದರಿ' ಎಂದು ಕನ್ನಡದಲ್ಲಿ ಸಹಿ ಹಾಕುತ್ತಿದ್ದಳು. ಕೋಪರಿಯ ಚಾಳಿನಲ್ಲಿ ಗಂಡನೇ ಕಲಿಸಿದ ಮೂರಕ್ಷರ ಅದು. ವರ್ಷಕ್ಕೆ ಆರೇಳು ಸಾವಿರ ತೆರಿಗೆ ಉಳಿಯುತ್ತದೆ ಎಂದು ಮಗ ಹೇಳುತ್ತಿದ್ದ. ಉಳಿದರೆ ಒಳ್ಳೆಯದೇ ಆಯಿತಲ್ಲ ಎಂದು ಅವಳು ಒಲೆಯ ಕಡೆ ಹೋಗುತ್ತಿದ್ದಳು.

ಆರೇಳು ಸಾವಿರ ಎಲ್ಲಿ ಉಳಿಯುತ್ತಿತ್ತು ಎಂದು ಮಾತ್ರ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಯಾನಂದನ ಮಗಳು ಶ್ರದ್ಧಾಳ ಸ್ಕೂಲ್ ಬಸ್ಸಿಗೆ ಹೋಯಿತೋ, ಗ್ಯಾಸಿಗೆ ಹೋಯಿತೋ. ಸಬ್ಸಿಡಿಯ ಸಿಲಿಂಡರು ವರ್ಷಕ್ಕೆ ಒಂಬತ್ತೇ ಎಂದಾದ ಮೇಲೆ ಸ್ನಾನದ ನೀರನ್ನು ಗ್ಯಾಸಿನ ಮೇಲೆ ಇಡುವುದು ನಿಂತಿತು. ಕರೆಂಟು ನೂರು ಯೂನಿಟ್ಟಿನ ಒಳಗಿದ್ದರೆ ಒಂದು ದರ, ದಾಟಿದರೆ ಹೆಚ್ಚುಕಡಿಮೆ ದುಪ್ಪಟ್ಟು. ದಯಾನಂದ ದಿನಾ ಆಫೀಸಿಗೆ ಹೊರಡುವಾಗ ಮೀಟರಿಗೆ ಕಣ್ಣು ಹಾಯಿಸಿಯೇ ಮೆಟ್ಟಿಲಿಳಿಯುತ್ತಿದ್ದ. ಮಲಗುವ ಮುಂಚೆ ಫ್ರಿಜ್ಜಿನ ಸ್ವಿಚ್ಚು ಆರಿಸುತ್ತಿದ್ದ.

ಇಂಥ ಮನೆಯಲ್ಲಿ ಸುಂದರಿ ಗ್ರೈಂಡರು ಕೇಳಿದಳು.

ಅವಳ ಆಸೆ ದೊಡ್ಡದೇನಲ್ಲ. ಬಿಲ್ಡಿಂಗಿನ ನಾಲ್ಕು ಮನೆಗೆ ಇಡ್ಲಿ ಹಿಟ್ಟು ಮಾಡಿ ಕೊಟ್ಟಿದ್ದಳು; ನಾಲ್ಕು ಮನೆ ಹದಿನಾಲ್ಕಾಗುವ ಲಕ್ಷಣ ಕಾಣುತ್ತಿತ್ತು. ಅಷ್ಟರಲ್ಲಿ ಮಿಕ್ಸಿ ಸುಟ್ಟುಹೋಯಿತು. ಅಂಗಡಿಯಲ್ಲಿ ಐದು ಲೀಟರಿನ ಗ್ರೈಂಡರಿಗೆ ಹನ್ನೆರಡು ಸಾವಿರ.

"ಗ್ರೈಂಡರ್ ತಂದ್ರೆ ನೂರು ಯೂನಿಟ್ ಎಲ್ಲಿ ನಿಲ್ತದೆ ಅಮ್ಮ?" ಎಂದ ದಯಾನಂದ. "ನೀವು ಕೆಲಸ ಮಾಡಿದ್ದು ಸಾಕು. ಆರಾಮ ಕೂತ್ಕೊಳ್ಳಿ."

ಆರಾಮ ಕೂತುಕೊಳ್ಳುವುದೆಂದರೆ ಏನೆಂದು ಸುಂದರಿಗೆ ತಿಳಿದಿತ್ತು. ಸ್ಟೇಷನ್ನಿಗೆ ಶೇರ್ ರಿಕ್ಷಾದಲ್ಲಿ ಹೋಗಬೇಕಾದರೆ ಮಗನ ಹತ್ತಿರ ಇಪ್ಪತ್ತು ರೂಪಾಯಿ ಕೇಳುವುದು. ಎಂತಕ್ಕೆ ಎಂದು ಅವನು ಕೇಳುವುದು.

೨೦೧೩ರ ಮಾರ್ಚಿನಲ್ಲಿ ಎಂದಿನಂತೆ ರಸೀದಿಗಳು ಚಾಪೆಗೆ ಬಂದವು. ಹತ್ತು ವರ್ಷದ ಶ್ರದ್ಧಾ ಅಜ್ಜಿಯ ಪಕ್ಕ ಬೋರಲು ಮಲಗಿ ಇಂಗ್ಲಿಷನ್ನು ಬೆರಳಿಟ್ಟು ಓದಿದಳು. ಮನೆಯ ತುಳು, ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ.

"ಅಜ್ಜಿ, ಹರ್ ಮಹೀನಾ ಆಠ್ ಹಜಾರ್?"

"ತಿಂಗಳಿಗೆ ಎಂತ ಎಂಟು ಸಾವಿರ?"

"ಲಿಖಾ ಹೈ ನಾ. ಪಪ್ಪಾನೇ ದಿಯಾ, ಆಪ್‌ಕೋ ಮಿಲ್ ಗಯಾ. ಸಹೀ ಭೀ ಆಪ್‌ಕೀ." ಅವಳು ತಲೆಯೆತ್ತಿ ಅಜ್ಜಿಯ ಮಾಸಿದ ಸೀರೆಯನ್ನು ನೋಡಿದಳು. "ಇತ್ನೇ ಪೈಸೇ ಕಾ ಆಪ್ ಕರ್ತೀ ಕ್ಯಾ ಹೋ?"

ಇಷ್ಟು ದುಡ್ಡಲ್ಲಿ ಅಜ್ಜಿ ಮಾಡುವುದೇನು? ಸುಂದರಿಯ ಬೆರಳ ತುದಿಯಲ್ಲಿ ಅಗುಳು ಹಾಗೇ ಉಳಿಯಿತು. ತೆರಿಗೆಯವರಿಗೆ ಏನೋ ಕಾಗದ ಎಂದಷ್ಟೇ ಅವಳು ತಿಳಿದಿದ್ದಳು. ಮಗ ಕೊಟ್ಟ, ನನಗೆ ಸಿಕ್ಕಿತು ಎಂದು ಬರೆದುಕೊಡುತ್ತಿದ್ದೇನೆಂದು ತಿಳಿದಿರಲಿಲ್ಲ. ಇವೂ ಸೇರಿ ಆರು ವರ್ಷ, ವರ್ಷಕ್ಕೆ ಹನ್ನೆರಡು. ಎಪ್ಪತ್ತೆರಡು ಸಲ ಸಿಕ್ಕಿತು ಎಂದಂತಾಯಿತು.

ಆ ದಿನವೂ ಅವಳು ಸ್ಟಾಂಪು ಅಂಟಿಸಿ ಸಹಿ ಹಾಕಿದಳು. ಆದರೆ ಸಹಿಯ ಪ್ರತಿ ಅಕ್ಷರವನ್ನೂ ಒತ್ತಿ ಬರೆದಳು.

ಮಾರ್ಚ್ ಮುಗಿಯುವ ಮುಂಚೆಯೇ ಕಂಪನಿ ಹೊಸ ಕಟ್ಟಳೆ ತಂದಿತು. ಏಪ್ರಿಲಿನಿಂದ ಬರೀ ರಸೀದಿ ನಡೆಯುವುದಿಲ್ಲ. ಬಾಡಿಗೆ ತಿಂಗಳು ತಿಂಗಳು ಮಾಲೀಕರ ಬ್ಯಾಂಕ್ ಖಾತೆಗೆ ಹೋದದ್ದು ಕಾಣಬೇಕು. ದಯಾನಂದ ಒಂದು ಶನಿವಾರ ಅಮ್ಮನನ್ನು ಕರೆದುಕೊಂಡು ಹೋಗಿ ಸಹಕಾರಿ ಬ್ಯಾಂಕಿನಲ್ಲಿ ಅವಳೊಬ್ಬಳ ಹೆಸರಿನಲ್ಲಿ ಖಾತೆ ತೆರೆಸಿದ. ಜಂಟಿ ಖಾತೆ ಮಾಡಿದರೆ ಆಫೀಸಿನವರಿಗೆ ಸಂಶಯ ಬಂದೀತು ಎಂಬ ಅತಿ ಬುದ್ಧಿವಂತಿಕೆ. ಲೆಕ್ಕ ಸುಲಭ: ಒಂದನೇ ತಾರೀಕು ಎಂಟು ಸಾವಿರ ಹಾಕುವುದು, ಎರಡನೇ ತಾರೀಕು ಅಮ್ಮನ ಸಹಿಯಿಂದ ತೆಗೆಯುವುದು.

ಏಪ್ರಿಲ್ ಎರಡನೇ ತಾರೀಕು ಹಣ ತೆಗೆಯುವ ಚೀಟಿ ಮುಂದಿಟ್ಟ. "ಇಲ್ಲೊಂದು ಸಹಿ ಹಾಕಿ ಅಮ್ಮ."

"ಎಂತದಿದು?"

"ಬಾಡಿಗೆ ವಾಪಸ್ ತೆಗಿಲಿಕ್ಕೆ."

"ಬಾಡಿಗೆಯನ್ನು ಯಾರಾದ್ರೂ ವಾಪಸ್ ಕೊಡ್ತಾರಾ?" ಸುಂದರಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಾನು ಕೊಡುದಿಲ್ಲ."

ದಯಾನಂದ ನಕ್ಕ. ನಗು ಅರ್ಧದಲ್ಲಿ ನಿಂತಿತು. ಆ ಮನೆಯಲ್ಲಿ ದೊಡ್ಡವರ ಮಾತು ಹೆಚ್ಚಾಗಿ ತುಳುವಿನಲ್ಲಿ. ದುಡ್ಡಿನ ವಿಷಯ ಬಿಗಿಯಾದಾಗ ಮಾತ್ರ ಅವನಿಗೆ ಶಾಲೆಯಲ್ಲಿ ಕಲಿತ ಕನ್ನಡ ಬರುತ್ತಿತ್ತು. ಈಗಲೂ ಬಂತು.

"ಅದು ತೋರಿಕೆಗೆ ಅಮ್ಮ! ಮನೆ ಖರ್ಚಿನ ದುಡ್ಡು ಅದು. ನನ್ನ ಸಂಬಳವೇ ಮೂವತ್ತನಾಲ್ಕು ಸಾವಿರ."

"ತೋರಿಕೆಗೆ ಎಪ್ಪತ್ತೆರಡು ಸಲ ಸಹಿ ಹಾಕಿದೆ. ಸುಳ್ಳು ನನ್ನ ಕೈಯದ್ದು, ಲಾಭ ನಿಂದು. ಈಗ ನಿಜವಾಗಿ ಬಂದಿದೆ, ಇನ್ನು ನಿಜವಾಗಿಯೇ ಇರಲಿ. ಕಲ್ಯಾಣದಲ್ಲಿ ನಿನ್ನ ಅಪ್ಪ ಎಂತ ಹೇಳಿದ್ರು? ನೀನು ಎಂತ ಅಂದೆ?"

"ನಂಗೆ ಒಂಬತ್ತು ವರ್ಷ! ಬಾಯಲ್ಲಿ ಪೆಪ್ಪರಮಿಂಟು ಇತ್ತು!"

"ಪೆಪ್ಪರಮಿಂಟು ನೆನಪಿದೆಯಲ್ಲ. ಹಾಗಾದ್ರೆ ಹೂಂ ಅಂದದ್ದೂ ನೆನಪಿರ್ತದೆ."

"ಹಾಗಾದ್ರೆ ನಾನು ಬಾಡಿಗೆಯೇ ತೋರಿಸುದಿಲ್ಲ. ತೆರಿಗೆ ಕಟ್ತೇನೆ, ಹೋಗ್ಲಿ ಏಳು ಸಾವಿರ!"

"ಕಟ್ಟು. ಆದ್ರೆ ಬಾಡಿಗೆ ಕೊಡದೆ ನನ್ನ ಮನೆಯಲ್ಲಿ ಯಾವ ಲೆಕ್ಕದಲ್ಲಿ ಇರ್ತೀ ಅಂತ ಅದನ್ನೂ ಹೇಳಿ ಕಟ್ಟು."

ಒಳಗೆ ಪಾತ್ರೆ ತೊಳೆಯುತ್ತಿದ್ದ ಜಯಲತಾಳ ಕೈ ನಿಂತಿತು. ಸೊಸೆ ಕೋಪರಖೈರಣೆಯ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವವಳು. ಥಾಣೆಯಲ್ಲಿ ಗಾಡಿ ಬದಲಿಸಿ ದಿನಕ್ಕೆ ಮೂರು ಗಂಟೆ ಲೋಕಲ್‌ನಲ್ಲಿ ನಿಂತು ಹೋಗಿಬರುವವಳು. ಅವಳ ಸಂಬಳವೂ ನೇರ ಗಂಡನ ಕೈಗೇ ಹೋಗುತ್ತಿತ್ತು. ದಯಾನಂದ ಅವಳತ್ತ ತಿರುಗಿ, "ನೀನಾದ್ರೂ ಹೇಳು!" ಎಂದ.

"ನಾನೆಂತ ಹೇಳುದು?" ಜಯಲತಾ ಸೆರಗಿಗೆ ಕೈ ಒರೆಸಿಕೊಂಡಳು. "ಮಾಮಿಗೆ ಬೇರೆ ವರಮಾನ ಇಲ್ಲ. ತೊಂಬತ್ತಾರು ಸಾವಿರಕ್ಕೆ ಅವರ ಹೆಸರಿಗೆ ತೆರಿಗೆ ಬೀಳುದಿಲ್ಲ. ಅದೂ ಲಾಭವೇ ಅಲ್ವಾ?"

ಮೂರು ದಿನ ಹೀಗೇ ಕಳೆಯಿತು. ದಯಾನಂದನಿಗೆ ಸಿಟ್ಟಿಗಿಂತ ಹೆಚ್ಚು ಸಂಕಟ. ಹಳೆಯ ಬೈಕೊಂದಕ್ಕೆ ಮಾತಾಡಿಟ್ಟಿದ್ದ. ಎಂಟು ಸಾವಿರ ಹೊರಗೆ ಕೂತರೆ ಅದು ಬರುವ ಹಾಗಿರಲಿಲ್ಲ. ಅವನ ಮುಖ ನೋಡಿ ಸುಂದರಿ ಒಂದೆರಡು ಸಲ ಟಿವಿಯ ಹತ್ತಿರ ಹೋಗಿ ಬಂದಳು. ಚೀಟಿ ಟಿವಿಯ ಮೇಲೆ ಹಾಗೇ ಇತ್ತು, ಪೆನ್ನು ಪಕ್ಕದಲ್ಲಿ. ಒಂದು ಸಹಿ ಹಾಕಿದರೆ ಎಲ್ಲ ಮೊದಲಿನಂತೆ. ಮೊದಲಿನಂತೆ ಅಂದರೆ ಇಪ್ಪತ್ತು ರೂಪಾಯಿ, ಎಂತಕ್ಕೆ? ಅವಳು ಚೀಟಿ ತೆಗೆದು ಒಲೆ ಹಚ್ಚಲು ಸೊಸೆಗೆ ಕೊಟ್ಟಳು. ಜಯಲತಾ ಗ್ಯಾಸಿಗೆ ಕಾಗದ ಯಾಕೆ ಬೇಕು ಎಂದೂ ಕೇಳದೆ ಸುಟ್ಟಳು.

ನಾಲ್ಕನೇ ದಿನ ಊಟಕ್ಕೆ ಕೂತಾಗ ಸುಂದರಿಯೇ ವಿಷಯ ತೆಗೆದಳು.

"ಕೇಳು. ಸೊಸೈಟಿ ಮೇಂಟೆನೆನ್ಸು, ಮುನ್ಸಿಪಾಲ್ಟಿಯ ಮನೆತೆರಿಗೆ, ಎರಡೂ ಮಾಲಕಿಯದ್ದು. ನಾನು ಕಟ್ತೇನೆ. ಲೈಟ್ ಬಿಲ್ಲೂ ನನಗೆ ಬಿಡು. ನೂರು ದಾಟಲಿ, ಇನ್ನೂರು ದಾಟಲಿ, ಆ ಮೀಟರ್ ನೋಡುದು ಇವತ್ತಿಗೆ ನಿಲ್ಲಿಸು. ಫ್ರಿಜ್ ರಾತ್ರಿಯೂ ಓಡ್ತದೆ. ಉಳಿದದ್ದನ್ನು ನಾನು ಎಂತ ಮಾಡ್ತೇನೆ ಅಂತ ಕೇಳ್ಬಾರ್ದು."

"ನಾನು ಕೇಳಿದ್ರೆ?"

"ಬಾಡಿಗೆ ಏರಿಸ್ತೇನೆ."

ಶ್ರದ್ಧಾಳಿಗೆ ನಗು ತಡೆಯದೆ ನೀರು ನೆತ್ತಿಗೆ ಹತ್ತಿತು. ದಯಾನಂದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡ.

ಆದರೆ ಸೋಲೊಪ್ಪುವವನಲ್ಲ. ಮುಂದಿನ ತಿಂಗಳು ಒಂದನೇ ತಾರೀಕು ಹೋಯಿತು, ಮೂರು ಹೋಯಿತು, ಹಣ ಬರಲಿಲ್ಲ. ಸುಂದರಿ ಬ್ಯಾಂಕಿಗೆ ನಡೆದು ಹೋಗಿ ಪಾಸ್‌ಬುಕ್ ತುಂಬಿಸಿಕೊಂಡು ಬಂದಳು. ಮರುದಿನ ಮಧ್ಯಾಹ್ನ ಆಫೀಸಿನಲ್ಲಿ ನಾಲ್ಕು ಜನರ ನಡುವೆ ದಯಾನಂದ ಡಬ್ಬಿ ಬಿಚ್ಚಲು ಹೋದರೆ ಮುಚ್ಚಳದ ಮೇಲೆ ಅನ್ನದ ಅಗುಳಿನಿಂದ ಅಂಟಿಸಿದ ಚೀಟಿ. ಶ್ರದ್ಧಾಳಿಂದ ಇಂಗ್ಲಿಷಿನಲ್ಲಿ ಬರೆಸಿದ್ದು, ಎಲ್ಲರೂ ಓದುವ ಹಾಗೆ: ಈ ತಿಂಗಳ ಬಾಡಿಗೆ ಬಂದಿಲ್ಲ. ಕೆಳಗೆ ಕನ್ನಡದಲ್ಲಿ ಸಹಿ.

ಅಕೌಂಟ್ಸಿನವನೂ ಅದೇ ಟೇಬಲ್ಲಿನಲ್ಲಿದ್ದ. ಸಂಜೆಯೊಳಗೆ ಹಣ ಬಂತು.

ಆ ವಾರವೇ ಗ್ರೈಂಡರು ಟೆಂಪೋದಲ್ಲಿ ಬಂದಿಳಿಯಿತು. ಎರಡನೇ ಮಹಡಿಗೆ ಹೊತ್ತು ತರುವಾಗ ಎದುರು ಮನೆಯ ಚಂದ್ರಬಾಯಿ ಬಾಗಿಲಿಗೆ ಬಂದು ನಿಂತಳು. ವಿಜಾಪುರದ ಕಡೆಯವಳು, ಮಾತು ಇಡೀ ಮಾಳಿಗೆಗೆ ಕೇಳಿಸುತ್ತಿತ್ತು.

"ಏನ್ರೀ ಮಾಲಕ್‌ರ, ಹೋಟೆಲ್ ತಗೀತೀರೇನ?"

"ಹೋಟೆಲ್ ಅಲ್ಲ ಬಾಯಿ, ಹಿಟ್ಟು. ನಿಮಗೆಷ್ಟು ಬೇಕು?"

"ನಮಗ ರೊಟ್ಟಿ ಬಿಟ್ರ ಏನ್ ಗೊತ್ತೈತ್ರಿ. ಆದ್ರೂ ದಿನಾ ಅರ್ಧ ಕಿಲೋ ಬರಕೋರಿ. ನಿಮ್ಮ ಮಗನ ಮಾರಿ ನೋಡಾಕರ ಬರತೀನಿ."

ದಯಾನಂದ ಗ್ರೈಂಡರಿನ ಇನ್ನೊಂದು ತುದಿ ಹಿಡಿದು ಬೆವರುತ್ತ, "ನೋಡಿ, ನೋಡಿ. ಟಿಕೆಟ್ ಇಲ್ಲ" ಎಂದ. ಹಾಗಂದು ತಾನೂ ಸ್ವಲ್ಪ ನಕ್ಕ.

ಮಳೆಗಾಲ ಮುಗಿಯುವಷ್ಟರಲ್ಲಿ ಹಿಟ್ಟು ಇಪ್ಪತ್ತೆರಡು ಮನೆಗೆ ಹೋಗುತ್ತಿತ್ತು. ಲೈಟ್ ಬಿಲ್ಲು ನೂರ ಎಪ್ಪತ್ತು ಯೂನಿಟ್ಟಿಗೆ ಏರಿತು. ಸುಂದರಿ ತಾನೇ ಸಾಲಿನಲ್ಲಿ ನಿಂತು ಕಟ್ಟಿದಳು. ಮನೆತೆರಿಗೆಯನ್ನು ಗಡುವಿಗೆ ಮುಂಚೆ ಕಟ್ಟಿ ಸ್ವಲ್ಪ ರಿಯಾಯಿತಿಯನ್ನೂ ಪಡೆದಳು. ಆ ರಿಯಾಯಿತಿಯಲ್ಲಿ ಶೇರ್ ರಿಕ್ಷಾ ಬಿಟ್ಟು ಒಬ್ಬಳೇ ರಿಕ್ಷಾ ಮಾಡಿಕೊಂಡು ಮನೆಗೆ ಬಂದಳು. ದಯಾನಂದನ ಬೈಕು ಆ ವರ್ಷ ಬರಲಿಲ್ಲ. ದೀಪಾವಳಿಯ ತಿಂಗಳು ಜಯಲತಾ ತನ್ನ ಸಂಬಳವನ್ನು ತನ್ನದೇ ಹೊಸ ಖಾತೆಗೆ ಹಾಕಿಸಿಕೊಂಡಳು. ಅದಕ್ಕೆ ಸಾಕ್ಷಿ ಸಹಿ ಸುಂದರಿಯದು.

೨೦೧೪ರ ಮಾರ್ಚಿನಲ್ಲಿ ಮತ್ತೆ ಹನ್ನೆರಡು ರಸೀದಿ ಚಾಪೆಗೆ ಬಂದವು. ಸುಂದರಿ ಕನ್ನಡಕ ಏರಿಸಿ ಪಾಸ್‌ಬುಕ್ ಬಿಡಿಸಿದಳು. ಶ್ರದ್ಧಾ ತಿಂಗಳು ಓದಬೇಕು, ಅಜ್ಜಿ ಅಂಕಿ ನೋಡಬೇಕು, ಆಮೇಲೆ ಸ್ಟಾಂಪು. ನವೆಂಬರಿನಲ್ಲಿ ಅವಳ ಕೈ ನಿಂತಿತು.

"ಇದರಲ್ಲಿ ಏಳೇ ಸಾವಿರ ಉಂಟು."

"ದೀಪಾವಳಿ ಖರ್ಚು ಇತ್ತಲ್ಲ ಅಮ್ಮ," ಎಂದ ದಯಾನಂದ. "ಒಂದು ಸಾವಿರ. ಅದಕ್ಕೂ ಲೆಕ್ಕವಾ?"

"ರಸೀದಿಯಲ್ಲಿ ಎಂಟು ಬರೆದಿದ್ದೀ. ಸಿಗದದ್ದನ್ನು ಸಿಕ್ಕಿತು ಅಂತ ಇನ್ನು ಬರೆಯುದಿಲ್ಲ." ಸುಂದರಿ ಪೆನ್ನಿನ ಮುಚ್ಚಳ ಹಾಕಿದಳು.

ದಯಾನಂದ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಬ್ಬರೂ ಅವಸರದಲ್ಲಿ ಇದ್ದಂತೆ ಕಾಣಲಿಲ್ಲ. ಅವನು ಎದ್ದು ಮೊಳೆಗೆ ನೇತುಹಾಕಿದ್ದ ಪ್ಯಾಂಟಿನ ಕಿಸೆಯಿಂದ ಐನೂರರ ಎರಡು ನೋಟು ತೆಗೆದು ಚಾಪೆಯ ಮೇಲಿಟ್ಟ. ಸುಂದರಿ ಅವನ್ನು ಬೆಳಕಿಗೆ ಹಿಡಿದು ನೋಡಿ ರವಿಕೆಯೊಳಗೆ ಸೇರಿಸಿದಳು. ನವೆಂಬರಿನ ರಸೀದಿಗೆ ಅಗುಳು ಒತ್ತಿದಳು, ಸ್ಟಾಂಪು ಅಂಟಿಸಿದಳು, ಸಹಿ ಹಾಕಿದಳು.

ಆ ವರ್ಷ ತೊಂಬತ್ತಾರು ಸಾವಿರ ರೂಪಾಯಿ ಬಾಡಿಗೆ ಬಂತು. ಎಲ್ಲವೂ ಸುಂದರಿಗೆ ಸೇರಿತು. ಮುಂಡಪ್ಪನ ಮಾತು ನಡೆಯಿತು.